ಕೆಂಪು ದೀಪದ ಮೇಲೆ ಅಂಟಿಸಿದ ದೇವರು

ಅಂಕಲಿ, ತಾ. ಚಿಕ್ಕೋಡಿ
ಗುರುವಾರ, ೧೯ ಫೆಬ್ರುವರಿ ೧೯೯೮

ತಮ್ಮ ಕಾಮಣ್ಣನಿಗೆ ಅಕ್ಕ ತಾರವ್ವ ಮಾಡುವ ಆಶೀರ್ವಾದ.

‘ಪ್ರೀತಿಯ’ ಎಂದು ಬರೆಯಲು ಪೆನ್ನು ಊರಿದ್ದೆ, ಕೈ ಏಳಲಿಲ್ಲ. ಆಶೀರ್ವಾದಕ್ಕಾದರೂ ನೀನು ಅರ್ಹನೋ ಅಲ್ಲವೋ ನಮ್ಮ ದೇವರು ಹಾಲಸಿದ್ದನಿಗೇ ಗೊತ್ತು, ಆದರೂ ಹಿರಿಯಳಾಗಿ ಹುಟ್ಟಿದ ತಪ್ಪಿಗೆ ಮಾಡಿದ್ದೇನೆ. ನೀನು ಆರಾಮ ಇದ್ದೀಯ ಎಂದು ತಿಳಿದಿದ್ದೇನೆ. ಆರಾಮ ಇರದೆ ಏನು? ಪುಣೆಯಲ್ಲಿ ದೊಡ್ಡ ಸೌಂಡ್ ಕಂಪನಿ, ದಿನಕ್ಕೊಂದು ಮಂಟಪ, ದಿನಕ್ಕೊಂದು ಬಾಸುಂದಿ ಊಟ. ಚಳಿ ಮುಗಿಯುವ ಹೊತ್ತಿಗೆ ನಿನಗೆ ಕೆಮ್ಮು ಹತ್ತುತ್ತಿತ್ತು, ಈಗಲೂ ಹತ್ತಿದ್ದರೆ ಬಿಸಿ ಹಾಲಿಗೆ ಅರಿಷಿಣ ಹಾಕಿಕೊಂಡು ಕುಡಿ. ಅರಿಷಿಣ ಎಂದರೆ ನಿನಗೆ ಮೈ ಉರಿಯುತ್ತದೆ, ಗೊತ್ತು. ಆದರೂ ಕುಡಿ. ಹೀಗೆಲ್ಲ ಕೇಳುತ್ತಿದ್ದಾಳೆ, ಸಿಟ್ಟು ಇಳಿದಿರಬೇಕು ಎಂದುಕೊಳ್ಳಬೇಡ. ವಿಚಾರಿಸುವುದು ಅಕ್ಕನ ಕೆಲಸ, ಅದು ಮುಗಿಯಿತು.

ಈಗ ಸುದ್ದಿ ಕೇಳು. ನಾನು ನಿಪ್ಪಾಣಿಯ ಮನೆ, ಮಕ್ಕಳು, ಎಮ್ಮೆ ಎಲ್ಲ ಅತ್ತೆಯ ಕೊರಳಿಗೆ ಕಟ್ಟಿ ಅಂಕಲಿಗೆ ಬಂದಿದ್ದೇನೆ. ಅಪ್ಪನ ಗಂಟಲು ಕೆಟ್ಟಿದೆ. ದಸರೆಯಿಂದಲೂ ದನಿ ಕಟ್ಟಿತ್ತು, ಹಾಡಿದ್ದು ಹೆಚ್ಚಾಯಿತು ಎಂದು ಊರವರು ಜ್ಯೇಷ್ಠಮಧು ಅಗಿಯಲು ಕೊಟ್ಟರು. ದಸರೆಯಿಂದ ಅವನು ಹಾಡಿದ್ದರಲ್ಲವೆ ಹೆಚ್ಚಾಗುವುದು! ಮಿರಜಿಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಗಂಟಲೊಳಗೆ ಕನ್ನಡಿ ಇಟ್ಟು ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, ನನ್ನನ್ನು ಹೊರಗೆ ಕರೆದು ಹೇಳಿದರು. ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕಂತೆ. ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಕೊರಳಿಗೆ ತೂತು ಇಡುತ್ತಾರೆ, ಅದರಿಂದ ಉಸಿರಾಡಬೇಕು. ಶಿವರಾತ್ರಿ ಮುಗಿದು ಬರುವ ಶುಕ್ರವಾರ ಆಪರೇಷನ್. ನಿನ್ನ ಕಂಪನಿಗೆ ಎರಡು ಸಲ ಫೋನ್ ಮಾಡಿಸಿದೆ. ಎರಡೂ ಸಲ ‘ಪ್ರೋಗ್ರಾಮಲಾ ಗೇಲಾಯ್’, ಪ್ರೋಗ್ರಾಮಿಗೆ ಹೋಗಿದ್ದಾನೆ, ಅಂದರು. ತಿರುಗಿ ಫೋನ್ ಮಾಡಲು ಹೇಳಿ ಊರಿನ ಎಸ್‌ಟಿಡಿ ಅಂಗಡಿಯಲ್ಲಿ ಇಡೀ ಮಧ್ಯಾಹ್ನ ಬೆಂಚು ಕಾಯ್ದೆ. ಅಂಗಡಿಯವನು ಮರುಗಿ ಚಹಾ ಕೊಟ್ಟ, ನೀನು ಫೋನ್ ಮಾಡಲಿಲ್ಲ.

ದಸರೆಗೆ ಮೊದಲು ನಡೆದದ್ದು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಕೊಲ್ಲಾಪುರದ ಸ್ಟುಡಿಯೋದವನಿಂದ ಆ ಡಿಜಿಟಲ್ ಪೆಟ್ಟಿಗೆ, ಅದರ ಸಣ್ಣ ಟೇಪಿನ ಮಸೀನು, ಮೈಕು ಎಲ್ಲ ಕೊಂಡು, ಅವನನ್ನೂ ಕರೆದುಕೊಂಡು ಮೊದಲು ನಿಪ್ಪಾಣಿಯ ನನ್ನ ಮನೆಗೇ ಬಂದೆ. ಅಪ್ಪನ ಹೊಳೆಹಾಡು, ನೆರೆ ಬಂದ ಕೃಷ್ಣೆಯಲ್ಲಿ ಹಿರಿಯರು ಕುರಿಮಂದೆ ದಾಟಿಸಿದ ಹಾಡು, ಮೊದಲಿಂದ ಕಡೆಯವರೆಗೆ ಅವನೊಬ್ಬನಿಗೇ ಬರುತ್ತದೆ, ಅದನ್ನು ತುಂಬಿ ಕ್ಯಾಸೆಟ್ ತೆಗೆಯುತ್ತೇನೆ ಎಂದು ಕುಣಿದಾಡಿದೆ. ಆ ಸ್ಟುಡಿಯೋದವನು ನಮ್ಮ ಪಡಸಾಲೆಯಲ್ಲಿ ಕುಳಿತು ಒಂದೊಂದೇ ಗುಂಡಿ ತೋರಿಸುತ್ತಿದ್ದರೆ ನೀನು ‘ಹೋ ಹೋ, ಮಾಹಿತ್ ಆಹೇ’, ಎಲ್ಲ ಗೊತ್ತು, ಎನ್ನುತ್ತ ಅವಲಕ್ಕಿ ತಿನ್ನುತ್ತಿದ್ದೆ. ಒಂಬತ್ತು ವರ್ಷ ಮೈಕ್ ಸೆಟ್ ನಡೆಸಿದವನಿಗೆ ಯಾರು ಏನು ಕಲಿಸಬೇಕು? ಒಲೆಯ ಮುಂದಿದ್ದ ನಾನು ಮಾತ್ರ ಕೇಳಿಸಿಕೊಂಡೆ. ಅವನು ಒತ್ತಿ ಒತ್ತಿ ಹೇಳಿದ್ದು ಒಂದೇ ಮಾತು, ‘ಲಾಲ ದಿವಾ ಲಾಗೂ ದೇಊ ನಕಾ’, ಕೆಂಪು ದೀಪ ಹತ್ತಗೊಡಬೇಡ.

ಆಮೇಲೆ ಅಂಕಲಿಯಲ್ಲಿ ನಡೆದದ್ದು ಊರಿಗೇ ಗೊತ್ತು. ಅಪ್ಪ ಹಿಮ್ಮೇಳದವರನ್ನು ಕರೆದುಕೊಂಡು ಬಂದ, ಡೊಳ್ಳಿಗೆ ಹಾರಿಸುವಂತೆ ನಿನ್ನ ಪೆಟ್ಟಿಗೆಯ ಮೇಲೂ ದೇವರ ಅರಿಷಿಣ, ಒಂದು ಹಿಡಿ ಭಂಡಾರ ಹಾರಿಸಿ ಕೈ ಮುಗಿದ. ಹೊಸದಕ್ಕೆ ಭಂಡಾರ ಹಾರಿಸದೆ ನಮ್ಮ ಮನೆಯಲ್ಲಿ ಒಂದು ಕತ್ತರಿಯನ್ನಾದರೂ ಬಳಸಿದ್ದುಂಟೇ? ನೀನು ಹಾಡಿನ ಮೊದಲ ನುಡಿ ತುಂಬಿದೆ, ತಿರುಗಿಸಿ ಹಾಕಿದೆ. ಅಪ್ಪನ ದನಿ ಏರಿದಲ್ಲೆಲ್ಲ ಕರಕರ, ಕರಕರ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬಂತೆ ನೀನು ಎಲ್ಲರ ಎದುರು ಅಪ್ಪನ ಮೇಲೆ ಹರಿಹಾಯ್ದೆ. ‘ನಿನ್ನ ಭಂಡಾರ ಒಳಗ ಹೊಕ್ಕು ನನ್ನ ಮಸೀನ ಕೆಡಿಸಿತು. ಇನ್ನ ಮ್ಯಾಲ ನನ್ನ ಮೈಕಿನ ಮುಂದ ಬಾಯಿ ತಗೀಬ್ಯಾಡ.’ ಅಂದದ್ದು ಯಾರಿಗೆ? ಸುತ್ತ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬಂದು ಕೇಳುತ್ತಿದ್ದ ಹಾಡುಗಾರ ಲಗಮಣ್ಣನಿಗೆ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಡೊಳ್ಳು ಬಾರಿಸಿದವನಿಗೆ. ಅವ್ವ ಬದುಕಿದ್ದರೆ ನಿನ್ನ ಬಾಯಿಗೆ ಬರೆ ಹಾಕುತ್ತಿದ್ದಳು.

ಅಪ್ಪನೂ ಕಡಿಮೆ ಅಲ್ಲ, ಅವನಿಗೂ ಈ ಪತ್ರದಲ್ಲಿ ನಾಲ್ಕು ಮಾತು ಇವೆ. ಬೇರೆಯವರ ಅಪ್ಪಂದಿರು ಮಗನ ಕಪಾಳಕ್ಕೆ ಬಿಟ್ಟು ಊಟಕ್ಕೆ ಏಳುತ್ತಾರೆ. ಇವನು ಅಂಗೈಯಲ್ಲಿ ಭಂಡಾರ ಎತ್ತಿ ಆಣೆ ಮಾಡಿದ. ‘ನನ್ನ ಎದುರು ಬಂದು ಹಾಡಪಾ ಅಂತ ನೀನ ಅನ್ನೂತನಕ ಈ ಬಾಯಾಗ ಹಾಡಿನ ಒಂದು ನುಡಿ ಬರೂದಿಲ್ಲ, ಹಾಲಸಿದ್ದನ ಆಣಿ.’ ಭಂಡಾರ ಎತ್ತಿ ಆಡಿದ ಮಾತನ್ನು ನಮ್ಮಲ್ಲಿ ಸತ್ತರೂ ತಿರುಗಿಸುವುದಿಲ್ಲ, ಅದು ನಿನಗೂ ಗೊತ್ತು. ಗೊತ್ತಿದ್ದೇ ಮರುದಿನ ಚೀಲ ಹೆಗಲಿಗೇರಿಸಿ ಪುಣೆಯ ಬಸ್ಸು ಹತ್ತಿದೆ. ಅಂದಿನಿಂದ ಅಪ್ಪ ಗುಡಿಯಲ್ಲೂ ಹಾಡಿಲ್ಲ, ಕುರಿಯ ಹಿಂದೆಯೂ ಗುನುಗಿಲ್ಲ. ನಾನು ಕಾಲು ಹಿಡಿದೆ, ನನ್ನ ಸಲುವಾಗಿ ಒಂದು ಸಲ ಹಾಡು ಅಂದೆ. ‘ಭಂಡಾರ ಎತ್ತೀನಿ ಮಗಳ’ ಎಂದು ತಲೆ ಅಲ್ಲಾಡಿಸಿದ. ನಿಮ್ಮಿಬ್ಬರ ಮೊಂಡುತನಕ್ಕೆ ನಡುವೆ ನಾನೊಬ್ಬಳು ಸಿಕ್ಕಿದ್ದೇನೆ, ಕಲ್ಲೆರಡು ಸೇರಿ ಕಾಳು ಅರೆದಂತೆ.

ಆದದ್ದಾಗಲಿ, ನೀನು ಬಂದ ದಿನ ಮಸೀನಿನ ನೆಪ ಹೇಳಬಾರದು ಎಂದು ನಾನೇ ಪೆಟ್ಟಿಗೆ ಹೊರಗೆ ತೆಗೆದೆ. ಅದರ ಮೇಲೆ ಒಣಮೆಣಸಿನಕಾಯಿ ಚೀಲ ಇತ್ತು, ಎಷ್ಟು ಗೌರವದಿಂದ ಬಿಟ್ಟು ಹೋಗಿದ್ದೀ ನೋಡು. ಒಳಕೋಣೆಯ ನಾಲ್ಕೂ ಗೋಡೆಗೆ ಕಂಬಳಿ ಕಟ್ಟಿದೆ, ದನಿ ಗೋಡೆಗೆ ಬಡಿದು ತಿರುಗಿ ಬರಬಾರದಂತೆ. ಮೈಕಿನ ವಯರಿನ ಮೂರು ಮುಳ್ಳಿನ ಪಿನ್ನು ‘ಟಕ್’ ಅನ್ನುವವರೆಗೆ ಒತ್ತಿದೆ. ನಲವತ್ತೆಂಟು ಎಂದು ಬರೆದ ಸಣ್ಣ ಗುಂಡಿ ಒತ್ತದಿದ್ದರೆ ಆ ಮೈಕಿಗೆ ಕರೆಂಟೇ ಹೋಗುವುದಿಲ್ಲ, ಅದನ್ನು ಒತ್ತಿದೆ. ಪೆಟ್ಟಿಗೆಯ ಹಿಂದಿನ ಅಂಕಿ, ಟೇಪಿನ ಮಸೀನಿನ ಅಂಕಿ ಎರಡೂ ಒಂದೇ ಇರಬೇಕು, ಇಲ್ಲದಿದ್ದರೆ ಒಂದಕ್ಕೊಂದು ಮಾತು ಬಿಟ್ಟು ಕೂರುತ್ತವೆ, ನೀನೂ ಅಪ್ಪನೂ ಕೂತಂತೆ. ಆಮೇಲೆ ನಿನ್ನ ಮಾತೇ ನಿಜವಿರಲಿ, ಭಂಡಾರವೇ ಹೊಕ್ಕಿರಲಿ ಎಂದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗುಂಡಿಗಳ ಸಂದಿ ಸಂದಿ ಉಜ್ಜಿದೆ. ಸೀರೆಯ ಸೆರಗಿಗೆ ಹತ್ತುವಷ್ಟೂ ಅರಿಷಿಣ ಬರಲಿಲ್ಲ ಕಾಮಣ್ಣ. ಇದ್ದದ್ದೆಲ್ಲ ಮುಚ್ಚಳದ ಮೇಲೇ ಇತ್ತು.

ಮುಂದಿನದನ್ನು ನೆಟ್ಟಗೆ ಕುಳಿತು ಓದು. ಪೆಟ್ಟಿಗೆಯ ಮುಂಭಾಗದಲ್ಲಿ ನಿನ್ನ ಸ್ಟಿಕರ್ ಇತ್ತು, ‘ಶ್ರೀ ಹಾಲಸಿದ್ದೇಶ್ವರ ಮೈಕ್ ಸೆಟ್, ಅಂಕಲಿ’ ಎಂದು, ನಡುವೆ ದೇವರ ಚಿತ್ರ. ಆಂಪ್ಲಿಫೈಯರಿಗೆ ಒಂದು, ಸ್ಟ್ಯಾಂಡಿಗೆ ಒಂದು, ಮೇಜಿನ ಫ್ಯಾನಿಗೂ ಒಂದು ಬಡಿಯುವ ನಿನ್ನ ಚಟ ನನಗೆ ಗೊತ್ತಿಲ್ಲದ್ದೇ? ಅದರ ಅಂಚಿಗೆ ಭಂಡಾರ ಮೆತ್ತಿತ್ತು ಎಂದು ಕಿತ್ತೆ. ಕೆಳಗೆ ಸಾಸಿವೆ ಕಾಳಿನಷ್ಟು ಎರಡು ದೀಪ. ಒಂದು ಹಸಿರು, ಒಂದು ಕೆಂಪು. ದೇವರನ್ನು ತಂದು ಸರಿಯಾಗಿ ಆ ದೀಪಗಳ ಮೇಲೇ ಅಂಟಿಸಿದ್ದೆ ನೀನು! ಅಪ್ಪನನ್ನು ಮೈಕಿನ ಮುಂದೆ ಕೂರಿಸಿದೆ. ಹಾಡು ಬೇಡ, ಲೆವಲ್ ನೋಡಬೇಕು, ಹೊಳೆಯಾಚೆಯ ಕುರಿ ಕರೆದಂತೆ ಒಂದು ಕೂಗು ಹಾಕು ಅಂದೆ. ಬೆಳಗಿನ ಹೊತ್ತು ಮಾತ್ರ ಅವನ ದನಿ ಇನ್ನೂ ಏಳುತ್ತದೆ. ದನಿ ಏರಿಸಿ ಇಳಿಸುವ ಗೇನ್ ಗುಂಡಿ ನೀನು ಬಿಟ್ಟಲ್ಲೇ ಇತ್ತು, ಮುಕ್ಕಾಲರ ಮೇಲೆ. ಅವನು ಕೂಗಿದ ಕೂಡಲೇ ಕೆಂಪು ದೀಪ ಭಗ್ಗನೆ ಹತ್ತಿತು, ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಅದೇ ಕರಕರ. ಗುಂಡಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ ಮತ್ತೆ ಕೂಗಿಸಿದೆ. ಹಸಿರು ಮಾತ್ರ ಮಿನುಗಿತು. ದನಿ ಗಂಟೆ ಬಾರಿಸಿದಂತೆ ಬಂತು.

ತಿಳಿಯಿತೇ ಶಾಣ್ಯಾ? ಗುಡಿಯ ಮೇಲಿನ ಭೋಂಗಾ ಸ್ಪೀಕರಿಗೆ ದನಿ ಏರಿಸಿ ಏರಿಸಿ ಕೊಡುವ ಕೈ ನಿನ್ನದು. ಭೋಂಗಾ ಒದರಿದಷ್ಟೂ ಜನಕ್ಕೆ ಖುಷಿ. ಈ ಪೆಟ್ಟಿಗೆ ಹಾಗಲ್ಲ, ಕೆಂಪು ದಾಟಿದರೆ ದನಿಯನ್ನು ಕತ್ತರಿಸಿ ಹಾಕುತ್ತದೆ. ಹೇಳಿಕೊಟ್ಟವನ ಮಾತು ನೀನು ಕೇಳಲಿಲ್ಲ, ಎಚ್ಚರಿಸುವ ದೀಪವನ್ನು ದೇವರಿಂದ ಮುಚ್ಚಿದೆ, ಬೈಗುಳ ಮಾತ್ರ ಅಪ್ಪನ ಭಂಡಾರಕ್ಕೆ ಕಟ್ಟಿದೆ. ನನಗೆ ಆ ಹೊತ್ತು ನೀನು ಕೈಗೆ ಸಿಕ್ಕಿದ್ದರೆ ಮೈಕಿನ ಸ್ಟ್ಯಾಂಡು ನಿನ್ನ ಬೆನ್ನ ಮೇಲೆ ಮುರಿಯುತ್ತಿತ್ತು. ಸಿಟ್ಟಿನಿಂದ ಅತ್ತೆ, ಅದನ್ನೂ ಬರೆಯುತ್ತೇನೆ. ಅಪ್ಪನಿಗೆ ಎಲ್ಲ ಬಿಡಿಸಿ ಹೇಳಿದೆ. ಅವನು ಸ್ವಲ್ಪ ಹೊತ್ತು ಆ ಕೆಂಪು ದೀಪವನ್ನೇ ನೋಡಿ, ‘ಅಂದ್ರ ಮಸೀನಿಗಿ ನನ್ನ ದನಿ ತಡೀಲಿಲ್ಲ ಅನ್ನು’ ಎಂದು ನಕ್ಕ, ಕೆಮ್ಮು ಬಂದು ನಿಲ್ಲಿಸಿದ. ಹಾಗಾದರೆ ಈಗಲಾದರೂ ಹಾಡು ಅಂದರೆ, ‘ನನಗ ಯಾಕ ಹೇಳತಿ, ಅವಗ ಹೇಳು’ ಎಂದು ಎದ್ದು ಕುರಿಗೆ ಸೊಪ್ಪು ಹಾಕಲು ಹೋದ.

ಅದಕ್ಕೇ ನಿನಗೆ ಹೇಳುತ್ತಿದ್ದೇನೆ. ಕ್ಷಮೆ ಕೇಳು ಎನ್ನುವುದಿಲ್ಲ, ಅದು ನಿನ್ನ ಬಾಯಿಗೆ ಬಾರದ ಮಾತು. ಬಾ, ಅಪ್ಪನ ಎದುರು ಕೂರು, ‘ಹಾಡಪಾ’ ಅನ್ನು. ಅಷ್ಟು ಸಾಕು, ಆಣೆ ಇಳಿಯುತ್ತದೆ. ಹಿಮ್ಮೇಳದವರಿಗೆ ಹೇಳಿಟ್ಟಿದ್ದೇನೆ, ಕಂಬಳಿ ಕಟ್ಟಿದ್ದು ಕಟ್ಟಿದಂತೆಯೇ ಇದೆ. ಗುಂಡಿಯ ಪಕ್ಕದಲ್ಲಿ ಕುಂಕುಮದ ಬೊಟ್ಟು ಇಟ್ಟು ಗುರುತು ಮಾಡಿದ್ದೇನೆ, ಅದರ ಮೇಲೆ ಒಂದು ಎಳ್ಳಷ್ಟು ತಿರುವಿದರೂ ನಿನ್ನ ಬೆರಳು ನಿನ್ನದಲ್ಲ. ಬರದಿದ್ದರೆ ಹೊಳೆಹಾಡು ಅಪ್ಪನ ತಲೆಯೊಳಗೇ ಇರುತ್ತದೆ, ಅವನು ಬದುಕಿರುವಷ್ಟು ದಿನ, ನಮ್ಮೆಲ್ಲರ ಕಣ್ಣೆದುರೇ, ಮೂಕವಾಗಿ. ಅವನ ಮುಖ ನೋಡುತ್ತ ನಾನು ಹೇಗೆ ರೊಟ್ಟಿ ಬಡಿಯಲಿ? ನೀನು ಪುಣೆಯಲ್ಲಿ ಇನ್ನೊಬ್ಬರ ಹಾಡಿಗೆ ಮೈಕು ಹಿಡಿದುಕೊಂಡು ಹೇಗೆ ನಿಲ್ಲುತ್ತೀಯ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀನು ಆಡಿದ್ದು ಹೋಯಿತು, ಆಡಬೇಕಾದ್ದು ಇನ್ನೂ ಉಳಿದಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಾಲಸಿದ್ದ ನಿನಗೆ ಬುದ್ಧಿ ಕೊಡಲಿ. ಕೊಡದಿದ್ದರೆ ನಾನು ಕೊಡುತ್ತೇನೆ.

ನಿನ್ನ ಮೇಲೆ ಸಿಟ್ಟಾಗಿರುವ,
ಅಕ್ಕ ತಾರವ್ವ

ತಾ.ಕ.: ಕಾಗವಾಡದ ಪಾರಿಸ ಪುಣೆಯ ಮಾರ್ಕೆಟ್ಟಿಗೆ ದ್ರಾಕ್ಷಿ ಒಯ್ಯುತ್ತಿದ್ದಾನೆ, ಹೊರಗೆ ಟೆಂಪೊ ಹಾರ್ನ್ ಹೊಡೆಯುತ್ತಿದೆ. ಅವನು ರವಿವಾರ ಖಾಲಿ ಗಾಡಿಯಲ್ಲಿ ಮರಳುತ್ತಾನೆ, ನಿನಗೆ ಜಾಗ ಹಿಡಿ ಎಂದಿದ್ದೇನೆ. ಪತ್ರದ ಜೊತೆ ಒಂದು ಸಣ್ಣ ಡಿಜಿಟಲ್ ಕ್ಯಾಸೆಟ್ ಇದೆ, ನಿನ್ನ ಕಂಪನಿಯ ಮಸೀನಿಗೆ ಹಾಕಿ ಕೇಳು. ಹಾಡಲ್ಲ. ಲೆವಲ್ ನೋಡಲು ಕುರಿ ಕರೆದಂತೆ ಕೂಗು ಎಂದಿದ್ದೆ. ಅಪ್ಪ ಕುರಿ ಕರೆಯಲಿಲ್ಲ. ಸಣ್ಣವನಿದ್ದಾಗ ಈಜಲು ಇಳಿದ ನಿನ್ನನ್ನು ಹೊಳೆದಂಡೆಯಿಂದ ಕರೆಯುತ್ತಿದ್ದನಲ್ಲ, ಹಾಗೆ ಎರಡು ಸಲ ಕರೆದಿದ್ದಾನೆ, ‘ಕಾಮಾ... ಸಂಜೀ ಆತು, ಮನೀಗಿ ಬಾರೋ’ ಅಂತ. ಮೊದಲನೆಯದು ನೀನು ಬಿಟ್ಟುಹೋದ ಗೇನಿನದು, ನಿನ್ನ ಹೆಸರು ಒಡೆದು ಹೋಗಿದೆ. ಎರಡನೆಯದು ನಾನು ಇಳಿಸಿದ ಮೇಲಿನದು. ಎರಡೂ ಕೇಳು. ಕೇಳಿದ ಮೇಲೂ ಬರುವುದಿಲ್ಲ ಎಂದಾದರೆ ಕ್ಯಾಸೆಟ್ಟನ್ನು ಪಾರಿಸನ ಕೈಯಲ್ಲಿ ವಾಪಸು ಕಳಿಸು. ಶುಕ್ರವಾರದ ಮೇಲೆ ನಮಗೆ ಅದೊಂದೇ ಇರುತ್ತದೆ.