ಮೀಟರಿನ ಮುಳ್ಳು

ಅಕ್ಕಾ,

ನೀನು ಹೇಳಿದಂತೆ ಅಪ್ಪನ ಹಳೆಯ ವಿಮಾನದ ಜನರೇಟರ್ ತೆಗೆಸಿ ಆಲ್ಟರ್ನೇಟರ್ ಹಾಕಿಸಿದೆ. ಈಗ ಎಂಜಿನ್ ನಿಧಾನವಾಗಿ ತಿರುಗುವಾಗಲೂ ಬ್ಯಾಟರಿ ತುಂಬುತ್ತದೆ, ರೇಡಿಯೋ ಕೈಕೊಡುವುದಿಲ್ಲ. ಅಪ್ಪನನ್ನು ಒಂದು ಸುತ್ತು ಹಾರಿಸಿಕೊಂಡು ಬರಲು ಇನ್ನು ಹೆದರಬೇಕಿಲ್ಲ ಎಂದುಕೊಂಡೆ.

ನಿನ್ನೆ ಸಂಜೆ ಕೂರಿಸಿದೆ. ನಮ್ಮಿಬ್ಬರ ಗುರುತು ಹೋದಮೇಲೂ ಅವರಿಗೆ ಆ ವಿಮಾನದ ಗುರುತು ಉಳಿದಿತ್ತಲ್ಲ. ತಾವೇ ಎಂಜಿನ್ ಚಾಲೂ ಮಾಡಿ, ವೇಗ ತಗ್ಗಿಸಿ, ಬ್ಯಾಟರಿ ತುಂಬುತ್ತಿದೆಯೇ ಎಂದು ತೋರಿಸುವ ಮೀಟರಿನತ್ತ ಬಾಗಿದರು. ವೇಗ ತಗ್ಗಿದೊಡನೆ ಮುಳ್ಳು ಸೊನ್ನೆಯಿಂದ ಕೆಳಗೆ ಬೀಳಬೇಕು, ಅವರು "ಏಳೇ ಸೋಮಾರಿ, ಈಗಲೇ ನಿದ್ದೆಯಾ?" ಎಂದು ಗದರಬೇಕು, ನಾವು ಚಿಕ್ಕವರಿದ್ದಾಗಿನಿಂದ ನಡೆದುಬಂದದ್ದು ಅದೇ. ಈ ಸಲ ಮುಳ್ಳು ಬೀಳಲಿಲ್ಲ. ಅಪ್ಪ ಬೆರಳಿನಿಂದ ಗಾಜು ತಟ್ಟಿದರು, ಕಾದರು, ಮತ್ತೆ ತಟ್ಟಿದರು.

"ನಿಮ್ಮ ವಿಮಾನ ಚೆನ್ನಾಗಿದೆ ಸಾರ್. ನಂದು ಎಲ್ಲಿಟ್ಟಿದೀರಿ?" ಎಂದು ಕೇಳಿದರು.

"ಇದೇ ನಿಮ್ದು, ಅಪ್ಪಾ."

"ತಮಾಷೆ ಮಾಡ್ಬೇಡಿ. ನಮ್ಮವಳು ಇಷ್ಟು ಚುರುಕಲ್ಲ."

ಹಳೆಯದನ್ನೇ ಮತ್ತೆ ಹಾಕಲಾಗದೇ ಎಂದು ಮೆಕ್ಯಾನಿಕ್ಕನ್ನು ಕೇಳಿದೆ. ಅದರ ಒಳಗಿನ ತಂತಿಯೆಲ್ಲ ಸುಟ್ಟುಹೋಗಿದೆ ಎಂದ.

ಭಾನುವಾರ ಬಂದಾಗ ಇದು ನಿಮ್ಮದೇ ಎಂದು ಅವರೊಡನೆ ವಾದಿಸಬೇಡ. ಅವರ ದಪ್ಪ ಕೋಟು ನಿನ್ನ ಮನೆಯಲ್ಲಿದ್ದರೆ ತಾ, ಮೇಲೆ ಚಳಿಯಿತ್ತು. ಹೌದು, ಹಾರಿಸಿಕೊಂಡು ಬಂದೆ. ಸುತ್ತು ಮುಗಿಯುವವರೆಗೂ ಅಪ್ಪ ಏನನ್ನೂ ಮುಟ್ಟದೆ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಪರಿಚಯವಿಲ್ಲದವರ ಮನೆಗೆ ಬಂದವರಂತೆ ಕೂತಿದ್ದರು.

ನಿನ್ನ ತಮ್ಮ