ಪೀ ಅನ್ನದ ಲೆನ್ಸು

ಡೈರಿಯ ಮೇಲಂಚಿನ ಖಾಲಿ ಜಾಗದಲ್ಲಿ, ಫೆ. 21ರಂದು ಬರೆದದ್ದು

ಒಟ್ಟು ಖರ್ಚು: ಜೂಮ್ ಲೆನ್ಸು, ಸೆಕೆಂಡ್ ಹ್ಯಾಂಡ್, ಏಳೂವರೆ ಸಾವಿರ. ಬಸ್ಸು, ಹೋಗಿ ಬಂದು ಎರಡು ಸಲ, ನೂರಾ ಅರವತ್ತು. ವ್ಯಾಪಾರಿಗೆ ಟೀ, ಹತ್ತು. ಮೆತ್ತಗಾಗಲಿ ಅಂತ ನಾನೇ ಕೊಡಿಸಿದ್ದು. ಉಳಿದದ್ದಕ್ಕೆ ರಸೀದಿ ಇಲ್ಲ.

ಫೆ. 6, ಸಂಜೆ

ಪಾಸ್‌ಪೋರ್ಟ್ ಫೋಟೋ ಎರಡು. ಲ್ಯಾಮಿನೇಷನ್ ಒಂದು. ಸ್ಟುಡಿಯೋಗೆ ಈಗ ಬರುವವರು ಹೆಚ್ಚಾಗಿ ಚಿಲ್ಲರೆ ಕೇಳಲು.

ನಾಲ್ಕಕ್ಕೆ ಶಾಲೆಯ ಹೆಡ್‌ಮಿಸ್ ಫೋನು. ಎಂಟುನೂರು ಮಕ್ಕಳ ಐಡಿ ಕಾರ್ಡು, ಕ್ಲಾಸ್ ಫೋಟೋ, ಮೂರು ವರ್ಷ ಒಬ್ಬರಿಗೇ ಕೊಡುತ್ತಾರಂತೆ.

"ಹದಿನೆಂಟಕ್ಕೆ ಸ್ಪೋರ್ಟ್ಸ್ ಡೇ. ನೀವೂ ತೆಗೀರಿ, ಆ ಮೇಲಿಂದ ಫೋಟೋ ತೆಗೆಯೋ ಡ್ರೋನ್‌ನವ್ರೂ ತೆಗೀಲಿ. ಕೊನೇ ಓಟದ ಫೋಟೋ ಯಾರದ್ದು ಚೆನ್ನಾಗಿರುತ್ತೋ ಅವ್ರಿಗೆ."

"ಆಗ್ಲಿ ಮೇಡಂ. ಟ್ರ್ಯಾಕ್ ಪಕ್ಕದಲ್ಲೇ ಕೂತು—"

"ಒಳಗೆ ಬಿಡಲ್ಲ ಫೋಟೋದವ್ರೇ. ಹೋದ ವರ್ಷ ಒಬ್ರು ಅಡ್ಡ ಬಂದು ಹುಡುಗಿ ಬಿದ್ಲು. ಎಲ್ರೂ ಹಗ್ಗದಾಚೆ."

ಹಗ್ಗದಾಚೆಯಿಂದ ನನ್ನ ಲೆನ್ಸಿಗೆ ಮಕ್ಕಳೆಂದರೆ ಇರುವೆ ಸಾಲು. ತಿಂಗಳ ಕೊನೆಗೆ ಮಾಲೀಕನಿಗೆ ಹೇಳಬೇಕು, ಅಂಗಡಿ ಇಟ್ಟುಕೊಳ್ಳುತ್ತೇನೋ ಬಿಡುತ್ತೇನೋ ಅಂತ. ಇದು ಸಿಕ್ಕರೆ ಇದ್ದೇನೆ. ಇಲ್ಲದಿದ್ದರೆ... ಬರೆಯುವುದಿಲ್ಲ.

ಫೆ. 9

ಹೊಸ ಜೂಮ್ ಇಪ್ಪತ್ನಾಲ್ಕು ಸಾವಿರ. ಕೇಳಿ ಫೋನ್ ಇಟ್ಟೆ. ಹೆಂಡತಿ ಯೂನಿಫಾರ್ಮ್ ಹೊಲಿಯುತ್ತಿದ್ದವಳು ಕತ್ತು ಎತ್ತಲಿಲ್ಲ.

"ಅಷ್ಟು ದೂರದ್ದು ನೋಡಿ ಏನ್ಮಾಡ್ತೀರಿ? ಮೂಗಿನ ಕೆಳಗಿರೋದೇ ಕಾಣಲ್ಲ."

"ಸೆಕೆಂಡ್ ಹ್ಯಾಂಡ್ ನೋಡ್ತೀನಿ ಕಣೇ."

ಪೆಡಲ್ ತುಳಿಯುತ್ತಲೇ ಅಂದಳು: "ಮೋಟಾರ್ ಮಷಿನ್‌ಗೆ ಅಂತ ಕೂಡಿಟ್ಟಿದ್ದು ಎಂಟು ಸಾವಿರ ಇದೆ. ತಗೊಳ್ಳಿ. ಮಂಡಿ ಇನ್ನೊಂದ್ ವರ್ಷ ತಡೆಯುತ್ತೆ."

ಬೇಡ ಅನ್ನಬೇಕಿತ್ತು. ತಗೊಂಡೆ.

ಫೆ. 15

ಸೆಕೆಂಡ್ ಹ್ಯಾಂಡ್ ಅಂಗಡಿಗೆ ಕ್ಯಾಮೆರಾ ಬೇಕೆಂದೇ ಮನೆಯಲ್ಲಿ ಬಿಟ್ಟು ಹೋದೆ. ಅದರ ಅವತಾರ ನೋಡಿದರೆ ನನ್ನ ಗತಿ ಗೊತ್ತಾಗುತ್ತದೆ; ಗತಿ ಗೊತ್ತಾದರೆ ಬೆಲೆ ಇಳಿಯುವುದಿಲ್ಲ. ಇಷ್ಟು ವರ್ಷ ಬಾಯಿಂದಲೇ ಬದುಕಿದ್ದೇನೆ.

ವ್ಯಾಪಾರಿ ಹತ್ತು ಸಾವಿರ ಅಂದ. ದೊಡ್ಡ ಕ್ಯಾಮೆರಾ ಇದೆ, ಇದು ಸುಮ್ಮನೆ ಶೋಕಿಗೆ ಅಂದೆ. ಗಾಜನ್ನು ಬೆಳಕಿಗೆ ಹಿಡಿದೆ. ಗೀರಿಲ್ಲ, ಬೂಷ್ಟಿಲ್ಲ. ಅವನ ಕ್ಯಾಮೆರಾಕ್ಕೆ ಹಾಕಿ ಎದುರು ಬಿಲ್ಡಿಂಗಿನ ಕಿಟಕಿ ನೋಡಿದೆ. ಗುಂಡಿ ಅರ್ಧ ಒತ್ತಿದರೆ ಪೀ! ಫೋಕಸ್ ಕೂತಿತು. ಕಿಟಕಿಯ ಬೋಲ್ಟು ಎಣಿಸಬಹುದು.

ಏಳೂವರೆಗೆ ತಂದೆ. ಬಸ್ಸಿನಲ್ಲಿ ಉದ್ದಕ್ಕೂ ಒಬ್ಬನೇ ನಗುತ್ತಾ ಬಂದೆ.

ಫೆ. 16, ಬೆಳಿಗ್ಗೆ

ನನ್ನ ಕ್ಯಾಮೆರಾದಲ್ಲಿ ಪೀ ಅನ್ನುತ್ತಿಲ್ಲ.

10.40

ಲೆನ್ಸು ಕೂರುವ ಕಡೆಯ ಪಿನ್ನುಗಳನ್ನು ರಬ್ಬರಿನಿಂದ ಉಜ್ಜಿದೆ. ಬ್ಯಾಟರಿ ಬದಲಿಸಿದೆ. ಬೈದೆ. ವ್ಯಾಪಾರಿಗೆ ಫೋನ್.

"ಸಾರ್, ನಿಮ್ಮ ಕ್ಯಾಮೆರಾ ಯಾವ್ದು?"

ಹೇಳಿದೆ.

"ಅಯ್ಯೋ, ಅದ್ರೊಳಗೆ ಮೋಟಾರೇ ಇಲ್ವಲ್ಲ ಸಾರ್! ಇದು ಹಳೇ ಲೆನ್ಸು, ಕ್ಯಾಮೆರಾದ ಮೋಟಾರೇ ಅದನ್ನ ತಿರುಗಿಸ್ಬೇಕು. ನೀವು ಕೈಯಲ್ಲೇ ಫೋಕಸ್ ಮಾಡ್ಕೋಬೇಕು."

"ಅವತ್ತೇ ಯಾಕ್ರೀ ಹೇಳ್ಲಿಲ್ಲ?"

"ದೊಡ್ಡ ಕ್ಯಾಮೆರಾ ಇದೆ ಅಂದ್ರಲ್ಲ ಸಾರ್."

ಹೆಂಡತಿಯ ಮೋಟಾರ್ ದುಡ್ಡಿನಲ್ಲಿ ಮೋಟಾರಿಲ್ಲದ ಲೆನ್ಸು ತಂದಿದ್ದೇನೆ. ಅವಳಿಗೆ ಹೇಳಿಲ್ಲ.

ಫೆ. 17

ಮತ್ತೆ ಬಸ್ಸು. ವಾಪಸ್ ತಗೊಳ್ಳಲಿಲ್ಲ. ಕೈ ಮುಗಿದೆ. ಜೀವಮಾನದಲ್ಲಿ ಚೌಕಾಸಿಗೆ ಕೈ ಮುಗಿದವನಲ್ಲ.

ಸಂಜೆ ರಸ್ತೆಯಲ್ಲಿ ನಿಂತು ಲೆನ್ಸಿನ ಫೋಕಸ್ ಉಂಗುರ ತಿರುಗಿಸಿದ್ದೇ ತಿರುಗಿಸಿದ್ದು. ಸೈಕಲ್ಲು, ನಾಯಿ, ಹಾಲಿನವನು. ಹತ್ತಕ್ಕೆ ಮೂರು ಸರಿ ಬರುತ್ತಿವೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಅವಳಿಗೆ ಗೊತ್ತಾಗಿದೆ.

ಫೆ. 18

ಕೊನೆಯ ಓಟ, ಹುಡುಗಿಯರದ್ದು. ಎರಡು ಜಡೆಯ ಪುಟ್ಟ ಹುಡುಗಿ ಕೊನೆಯ ತಿರುವಿನವರೆಗೂ ಮೂರನೆಯವಳು. ಆಮೇಲೆ ಏನಾಯಿತೋ, ಬಾಣ. ಉಂಗುರ ತಿರುಗಿಸಿದೆ. ಸಿಕ್ಕಳು. ಹಲ್ಲು, ಬೆವರು, ಎದೆಗೆ ಇನ್ನೇನು ತಾಗಲಿರುವ ಟೇಪು, ಎಲ್ಲ ಕನ್ನಡಿಯ ಹಾಗೆ. ಅಂಥ ಫೋಟೋ ನನ್ನ ಕಣ್ಣಿಗೆ ಬಿದ್ದದ್ದೇ ಇಲ್ಲ.

ಬೆರಳು ಅರ್ಧ ಒತ್ತಿ ನಿಂತಿದೆ.

ಹದಿನಾರು ವರ್ಷ ಅದೇ ಕೆಲಸ. ಅರ್ಧ ಒತ್ತು, ಪೀ ಅಂದ ಮೇಲೆ ಪೂರ್ತಿ ಒತ್ತು. ಗಿರಾಕಿಗೆ "ನಗಿ" ಅನ್ನುವುದೂ ಪೀ ಆದ ಮೇಲೆಯೇ. ಇದು ಅನ್ನುವುದಿಲ್ಲ ಅಂತ ತಲೆಗೆ ಗೊತ್ತು. ಬೆರಳು ಕಾಯುತ್ತಲೇ ಇತ್ತು.

ಒತ್ತಿದಾಗ ಎಂಟು ಬೆನ್ನು. ನೆಲದ ಮೇಲೆ ಟೇಪು.

ಫೆ. 21

ಹೆಡ್‌ಮಿಸ್ ಫೋನ್ ಮಾಡಿ, ಕೆಲಸ ಡ್ರೋನ್ ಕಡೆಯವರಿಗೆ ಅಂತ ಒಳ್ಳೆಯ ಮಾತಲ್ಲೇ ಹೇಳಿದರು. ಅಂಗಡಿ ಬಿಡುತ್ತೇನೆ ಅಂತ ಮಾಲೀಕನಿಗೆ ಹೇಳಿಯಾಯಿತು. ಪರದೆ ಬಿಚ್ಚುತ್ತಿದ್ದಾಗ ಒಬ್ಬ ಹೆಂಗಸು ಬಂದರು. ಜೊತೆಗೆ ಎರಡು ಜಡೆ.

"ಅಷ್ಟುದ್ದ ಲೆನ್ಸ್ ಹಿಡ್ಕೊಂಡಿದ್ದು ನೀವೇ ಅಲ್ವಾ? ಡ್ರೋನ್‌ನವ್ರದ್ರಲ್ಲಿ ಬರೀ ತಲೆ ಕಾಣುತ್ತೆ. ಇವ್ಳು ಗೆದ್ದಿದ್ದು ನಿಮ್ಮ ಹತ್ರ ಇದ್ದೇ ಇರುತ್ತೆ ಅಂತ ಬಂದ್ವಿ. ಎಷ್ಟಾದ್ರೂ ಕೊಡ್ತೀನಿ."

"ಪ್ರಿಂಟ್ ಮಷಿನ್ ಕೆಟ್ಟಿದೆ, ನಾಳೆ ಬನ್ನಿ ಅಕ್ಕಾ" ಅಂದೆ. ಬಾಯಿ ಮಾತ್ರ ಇನ್ನೂ ಕೆಲಸ ಮಾಡುತ್ತಿದೆ.

ಯಾರಿಗೆ ಏನು:

ವ್ಯಾಪಾರಿಗೆ ಏಳೂವರೆ ಸಾವಿರ, ಒಂದು ಟೀ.

ಡ್ರೋನ್‌ನವನಿಗೆ ಎಂಟುನೂರು ಮಕ್ಕಳು, ಮೂರು ವರ್ಷ.

ಶಾಲೆಗೆ ಆಕಾಶದಿಂದ ತೆಗೆದ ಮೈದಾನ.

ಹೆಂಡತಿಗೆ ಅದೇ ಪೆಡಲ್ಲು.

ಹುಡುಗಿಗೆ ಬಹುಮಾನದ ಕಪ್. ಅವಳು ಟೇಪು ಮುಟ್ಟಿದ ಕ್ಷಣ ಸ್ಪಷ್ಟವಾಗಿ ಕಂಡವನು ನಾನೊಬ್ಬನೇ. ನಾಳೆ ಅವರು ಬಂದರೆ ತೋರಿಸಲು ನನ್ನ ಬಳಿ ಇರುವುದು ಎಂಟು ಬೆನ್ನು.