ಹೆಣ್ಣು ಮರಿಯ ಕಾಲಿಗೆ ಗಂಡಿನ ಉಂಗುರ

ಮಂಗಳವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಚಿನಕುರಳಿ,

ಹತ್ತು ತಿಂಗಳಾದ ಮೇಲೆ ಅಕ್ಕನಿಗೆ ನನ್ನ ನೆನಪಾಯಿತೇ ಎಂದು ಮೂಗು ಮುರಿಯಬೇಡ. ಮುರಿಯಲೇಬೇಕಿದ್ದರೆ ಓದಿ ಮುಗಿಸಿ ಮುರಿ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಆಸ್ಪತ್ರೆಯ ಲಿಫ್ಟ್ ನಡೆಸುವಾತನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವನ ಮನೆ ನಿನ್ನ ಬೀದಿಯಲ್ಲೇ ಇದೆಯಂತೆ.

ಆಸ್ಪತ್ರೆಯ ಒಂಬತ್ತನೇ ಮಹಡಿಯ ಸಜ್ಜೆಯ ಮೇಲೆ ಈ ಸಲವೂ ಗಿಡುಗ ಮರಿ ಮಾಡಿದೆ. ಮೂರು ಮರಿ. ಶನಿವಾರ ಒಬ್ಬಳೇ ಹೋಗಿ ಮೂರಕ್ಕೂ ಗುರುತಿನ ಉಂಗುರ ತೊಡಿಸಿ ಬಂದೆ. ನಮ್ಮ ಮನೆಯ ಹಾಗೇ ಗಿಡುಗಗಳಲ್ಲೂ ಹೆಣ್ಣೇ ದೊಡ್ಡದು, ಕಾಲೂ ದಪ್ಪ, ಉಂಗುರದ ಅಳತೆಯೂ ಬೇರೆ. ನಿನಗೆ ನಾನು ಹೇಳಿಕೊಡುವುದೇನಿದೆ! ಮೂರನೆಯದನ್ನು ಗಂಡೆಂದು ಬರೆದುಕೊಂಡು ಚಿಕ್ಕ ಉಂಗುರ ಹಾಕಿಬಿಟ್ಟೆ. ಮೋಡ ಕವಿದಿತ್ತು, ಬೆಳಕು ಸಾಲದೆ ಕಣ್ತಪ್ಪಿತು.

ಅದು ಹೆಣ್ಣು. ನಿನ್ನೆ ಎದುರಿನ ಕಟ್ಟಡದ ಔಷಧಿ ಉಗ್ರಾಣದ ಕಿಟಕಿಯಿಂದ ದುರ್ಬೀನು ಹಿಡಿದು ನೋಡಿದೆ. ಒಡಹುಟ್ಟಿದ ಗಂಡುಗಳೆರಡೂ ಅದರ ಪಕ್ಕದಲ್ಲಿ ಪುಟಾಣಿಗಳು. ಅದು ಕಾಲೆತ್ತಿ ಕತ್ತು ಕೆರೆದುಕೊಂಡಾಗ ಉಂಗುರ ಜಾರಲೂ ಇಲ್ಲ, ತಿರುಗಲೂ ಇಲ್ಲ. ಇವತ್ತು ಅದೇ ಕಾಲನ್ನು ಕೊಕ್ಕಿನಿಂದ ಕುಕ್ಕಿಕೊಳ್ಳುತ್ತಿತ್ತು. ಹೀಗೇ ಬಿಟ್ಟರೆ ಉಂಗುರ ಮಾಂಸದೊಳಗೆ ಇಳಿಯುತ್ತದೆ, ಕಾಲು ಹೋಗುತ್ತದೆ. ಶುಕ್ರವಾರ ದಾಟಿದರೆ ಹತ್ತಿರ ಹೋಗುವ ಹಾಗೂ ಇಲ್ಲ. ರೆಕ್ಕೆ ಬಲಿಯುವ ಮೊದಲೇ ಹೆದರಿ ಕೆಳಕ್ಕೆ ಧುಮುಕಿಬಿಡುತ್ತವೆ. ನಿನ್ನೆಯಿಂದ ನನಗೆ ಊಟ ಸೇರುತ್ತಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಬಾ. ಉಂಗುರ ಬಿಚ್ಚುವ ಇಕ್ಕಳ ನಿನ್ನ ಬಳಿಯೇ ಉಳಿದಿದೆ. ಮರಿಯನ್ನು ಟವೆಲಿನಲ್ಲಿ ಸುತ್ತಿ ನಾನು ಎದೆಗವಚಿಕೊಂಡಿರುತ್ತೇನೆ, ಬಿಚ್ಚುವುದು ನೀನು. ಇಷ್ಟು ವರ್ಷ ಹಿಡಿಯುವವಳು ನೀನು, ತೊಡಿಸುವವಳು ನಾನು ಆಗಿತ್ತು. ಈ ಸಲ ಅದಲುಬದಲು. ಯಾಕೆಂದು ಕೇಳಬೇಡ.

ಕೇಳದೆಯೂ ನಿನಗೆ ಗೊತ್ತು. ಕಳೆದ ವರ್ಷ ನೀನು, “ಅಕ್ಕಾ, ನಿನ್ನ ಕೈ ನಡುಗ್ತಿದೆ. ಅಮ್ಮಂಗೂ ಹೀಗೇ ಶುರುವಾಗಿದ್ದು. ಒಂದ್ಸಲ ಡಾಕ್ಟ್ರಿಗೆ ತೋರ್ಸು, ಅಳತೆ ನಾನ್ ನೋಡ್ಕೋತೀನಿ” ಎಂದೆ. ನನ್ನ ಜಾಗದ ಮೇಲೆ ಕಣ್ಣು ಹಾಕಿದ್ದೀಯ, ಉಂಡ ಮನೆಗೆ ಎರಡು ಬಗೆಯುವವಳು ಎಂದು ನಾನು ಲಿಫ್ಟಿನವನ ಎದುರಿಗೇ ನಿನ್ನನ್ನು ಬೈದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಪ್ಪಾಯಿತು ಕಣೇ. ನನ್ನ ಮೇಲಿನ ಸಿಟ್ಟನ್ನು ಆ ಮರಿಯ ಮೇಲೆ ತೀರಿಸಿಕೊಳ್ಳಬೇಡ.

ದಾರಿ ಕಾಯುತ್ತಿರುವ,
ನಿನ್ನ ಅಕ್ಕ

ವಿ.ಸೂ.: ಪತ್ರ ಮಡಚಿ ಅಂಟಿಸಿಯೂ ಆಗಿತ್ತು, ಮತ್ತೆ ಹರಿದು ತೆಗೆದೆ. ಶನಿವಾರ ಮೋಡ ಇರಲಿಲ್ಲ. ಹನ್ನೊಂದು ಗಂಟೆಯ ಸುಡುಬಿಸಿಲು. ಕಾಲಿನ ದಪ್ಪ ಅಳೆಯುವ ಸಾಧನ ನನ್ನ ಕೈಯಲ್ಲಿ ನಿಲ್ಲಲೇ ಇಲ್ಲ. ಕಣ್ಣಂದಾಜಿನಲ್ಲಿ ಗಂಡು ಎಂದುಕೊಂಡೆ, ಪುಸ್ತಕದಲ್ಲಿ ಮನಸ್ಸಿಗೆ ಬಂದ ಅಳತೆ ಬರೆದೆ. ಈ ವರ್ಷ ಊರಿನ ಉಳಿದ ಐದು ಗೂಡುಗಳಲ್ಲೂ ಹಾಗೇ ಮಾಡಿದ್ದೇನೆ. ಆ ಹದಿನಾರು ಮರಿಗಳೂ ಆಗಲೇ ಹಾರಿಹೋಗಿವೆ.